ಅಂಜನಕ್ಕೆ ಮೂರು ಪ್ರಶ್ನೆ

ಅಕ್ಕೋರು ದಾಳವನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಮನೆಯವರೊಂದಿಗೆ ಕೂತು ಮೆಣಸಿನಕಾಯಿ ತೊಟ್ಟು ಮುರಿದು ಅವರ ಬೆರಳ ತುದಿಗಳು ಕೆಂಪಾಗಿರುತ್ತಿದ್ದವು. ಆ ಖಾರ ದಾಳಕ್ಕೆ ಹತ್ತಿ ನಮ್ಮ ಕಣ್ಣಿಗೆ ಹೋದೀತೆಂದು ಸ್ಟೀಲ್ ಲೋಟದಲ್ಲಿ ಹಾಕಿ, ಗಲಗಲ ಅಲ್ಲಾಡಿಸಿ ಚೆಲ್ಲುತ್ತಿದ್ದರು.

ಬ್ಯಾಡಗಿಯಲ್ಲಿ ನಮಗೆ ಗಣಿತದ ಟ್ಯೂಷನ್ ಹೇಳುತ್ತಿದ್ದವರು ಅವರು. ಭಾನುವಾರ ಮಧ್ಯಾಹ್ನ ಮಾತ್ರ, ಅವರ ತಮ್ಮ ಪುಣೆಯಿಂದ ತಂದುಕೊಟ್ಟ ಆಟವೊಂದನ್ನು ಆಡಿಸುತ್ತಿದ್ದರು. ಅಕ್ಕೋರು ಕಥೆ ನಡೆಸುವರು. ನಾವು ನಾಲ್ವರು ಅದರೊಳಗಿನ ಪಾತ್ರಗಳು. ಹೂಡಿದ ಏಟು ತಾಗಿತೋ ತಪ್ಪಿತೋ ಎಂಬ ಅನುಮಾನ ಬಂದಲ್ಲಿ ದಾಳ ಹೇಳಿದಂತೆ. ಬಸು ಕತ್ತಿವೀರ, ನಾನು ಮಂತ್ರವಾದಿ. ಪ್ರತಿ ಆಟದ ತಾರೀಖು, ಸೋಲು ಗೆಲುವು ಬರೆದಿಡುವವನೂ ನಾನೇ.

ದೂರದ್ದನ್ನು ಕಾಣುವ ಮಂತ್ರವೊಂದಿತ್ತು. ಆಟದ ಪುಸ್ತಕದ ಪ್ರಕಾರ ಅದಕ್ಕೆ ಬಲು ದುಬಾರಿಯ ಬೆಳ್ಳಿ ಕನ್ನಡಿ ಬೇಕು. "ನಮ್ಮಲ್ಲಿ ಎಲಿಗೆ ಕಾಡಿಗಿ ಹಚ್ಚಿ ಅಂಜನಾ ನೋಡ್ತಾರಲ್ಲ, ಅಷ್ಟು ಸಾಕು" ಎಂದು ಅಕ್ಕೋರು ಕನ್ನಡಿ ತೆಗೆದು ವೀಳ್ಯದೆಲೆ ಇಟ್ಟರು. ಎಲೆಗೇನು ಬರ? ನಾನು ಕಥೆಯಲ್ಲಿ ಬರುವ ಪ್ರತಿ ಬಾಗಿಲಿಗೂ ಅಂಜನ ಹಾಕಿ ಒಳಗಿನದನ್ನು ಮೊದಲೇ ಹೇಳತೊಡಗಿದೆ. ನಾಲ್ಕು ಆಟ, ನಾಲ್ಕೂ ಗೆಲುವು. ಐದನೆಯದರ ನಡುವೆ ಬಸು ಚಪ್ಪಲಿ ಮೆಟ್ಟಿ ನಿಂತ.

"ಎಲ್ಲಾ ಇವನಽ ನೋಡಿ ಹೇಳ್ತಾನ್ರಿ. ನಾ ಏನ್ ಕತ್ತಿಲೆ ನೊಣಾ ಹೊಡೀಲ್ಯಾ? ಆ ಮಂತ್ರಾ ತೆಗೀರಿ, ಇಲ್ಲಾ ನಾ ಬರೂದಿಲ್ಲ."

ಅದನ್ನು ತೆಗೆದರೆ ನನ್ನ ಪಾತ್ರಕ್ಕೆ ಬೇರೆ ಬಲವೇ ಇರಲಿಲ್ಲ.

"ತಪ್ಪು ನಂದು" ಎಂದರು ಅಕ್ಕೋರು. "ಕನ್ನಡಿ ಯಾಕ ದುಬಾರಿ ಇಟ್ಟಾರಂತ ನಾ ವಿಚಾರಾ ಮಾಡ್ಲಿಲ್ಲ." ಕಲಿಸುವವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮುಂದಿನ ವಾರ ಅಂಜನಕ್ಕೂ ದಾಳ ಹಾಕಿಸಿದರು. ದಾಳ ಸರಿಯಾಗಿ ಬೀಳದೆ ನನಗೆ ಇಡೀ ಮಧ್ಯಾಹ್ನ ಏನೂ ಕಾಣಲಿಲ್ಲ. ಮುಖ ಊದಿಸಿ ಕೂತೆ. ಅದನ್ನೂ ಬಿಟ್ಟರು. ಅದರ ಮುಂದಿನ ವಾರ, ಕದರಮಂಡಲಗಿಯ ಅಜ್ಜಿಮನೆಯಲ್ಲಿ ತಾವು ಕಂಡ ಅಂಜನವನ್ನು ನೆನಪಿಸಿಕೊಂಡು ಬಂದಿದ್ದರು. ಅಲ್ಲಿ ಎಲೆ ನೋಡುವುದು ಒಂದು ಮಗು, ಕೇಳುವವರು ಉಳಿದವರು.

"ನೀ ನೋಡು, ಕೇಳಿದ್ದಕ್ಕಷ್ಟಽ ಉತ್ತರಾ ಕೊಡು. ಪ್ರಶ್ನೆ ಇವರವು. ಮೂರಽ ಮೂರು."

ಕಥೆಯಲ್ಲಿ ಕೋಟೆಯ ಬಾಗಿಲು ಬಂದಾಗ, ಎಲೆಯೊಳಗೆ ಕಂಡದ್ದನ್ನು ಅಕ್ಕೋರು ನನ್ನ ಕಿವಿಯಲ್ಲಿ ಉಸುರಿದರು. ಬಸು ಬಂದಿದ್ದನಾದರೂ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದ.

"ಎಷ್ಟು ಮಂದಿ ಅದಾರ?" ಅಲ್ಲಿಂದಲೇ ಕೇಳಿದ.

"ಇಬ್ಬರು."

"ಕೈಯಾಗೇನೈತಿ?"

"ಈಟಿ."

ಉಳಿದದ್ದು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳುವಂತಿರಲಿಲ್ಲ. ಬಸು ಬಹಳ ಹೊತ್ತು ಯೋಚಿಸಿದ. "ಅವರ ಮಾರಿ ಯಾವ ಕಡೆ ಐತಿ?"

"ಒಳಗ!" ಎಂದು ಕೂಗಿಯೇಬಿಟ್ಟೆ.

"ಹಂಗಾರ ಬೆನ್ನು ನಮ್ಮ ಕಡೆ ಐತಲೇ!" ಬಸು ಚಪ್ಪಲಿ ಒದ್ದು ಬಂದು ಕುಳಿತು ಕತ್ತಿಯ ದಾಳ ಕೇಳಿದ. ಅಕ್ಕೋರು ಸೆರಗಿನಿಂದ ಲೋಟ ಒರೆಸಿ ಅವನ ಕೈಗೇ ಕೊಟ್ಟರು.

ಈಗ ಹಾವೇರಿಯ ಹಾಸ್ಟೆಲ್ಲಿನಲ್ಲಿ ಆಟ ನಡೆಸುವವನು ನಾನು. ಬಸುವೂ ಇಲ್ಲೇ ಇದ್ದಾನೆ. ಹೊಸದಾಗಿ ಸೇರಿದ ರಾಣೆಬೆನ್ನೂರಿನ ಹುಡುಗನೊಬ್ಬ ಮೊನ್ನೆ, "ಮೂರು ಪ್ರಶ್ನೆ ಭಾಳ ಕಡಿಮಿ ಆತು. ಪುಸ್ತಕದಾಗ ಈ ನಿಯಮ ಇಲ್ಲಽ ಇಲ್ಲ, ತೆಗೀರಿ" ಎಂದ.

ನಾನು ಬಾಯಿ ತೆರೆಯುವ ಮೊದಲೇ ಬಸು ಲೋಟ ಅಲ್ಲಾಡಿಸುತ್ತ ಹೇಳಿದ: "ಪುಸ್ತಕದಾಗ ಎಲ್ಲಿಂದ ಇರಬೇಕು? ಅದು ನಮ್ಮ ಅಕ್ಕೋರದು. ಕೇಳೂದು ಕಲಿ."