ಬಿಳಿ ಅಂಚಿನ ಹುಲ್ಲಿಗೆ ಬಿದ್ದ ಚುಕ್ಕೆ

ನಾನು ಮಾಲಿ. ಗಿಡಕ್ಕೆ ರೋಗ ಬಂದರೆ ಎಲೆ ತಿರುವಿ ನೋಡಿ ಕಾರಣ ಹೇಳಬಲ್ಲೆನೆಂಬ ಸೊಕ್ಕು ನನಗೆ ಮೊದಲಿನಿಂದಲೂ ಇತ್ತು. ಸುಳ್ಳು ಸೊಕ್ಕಲ್ಲ, ಹೇಳುತ್ತಿದ್ದೆ ಕೂಡ. ಹೇಳಲೇಬೇಕಾದ ಒಂದು ಹೊತ್ತಿನಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡೆ. ಅದನ್ನೇ ಈಗ ಬರೆಸುತ್ತಿದ್ದೇನೆ.

ಸವದತ್ತಿ ಕಡೆಯ ಒಂದು ವಾಡೆಯಲ್ಲಿ ನನಗೆ ಕೆಲಸ. ಪ್ಲೇಗಿನ ಹಾವಳಿ ಇಳಿದು, ಜನ ಹೊಲದ ಗುಡಿಸಲು ಬಿಟ್ಟು ಊರೊಳಗೆ ಬಂದ ಮೇಲಿನ ಮಾತು. ಧಣಿಗಳು ಬೆಳಗಾವಿಯ ಯಾವುದೋ ಸಾಹೇಬನ ಬಂಗಲೆಯಲ್ಲಿ ಬಿಳಿ ಅಂಚಿನ ಹುಲ್ಲು ನೋಡಿ ಮರುಳಾಗಿ, ಅದರ ಬುಡಗಳನ್ನು ಹಸಿ ಗೋಣಿತಟ್ಟಿನಲ್ಲಿ ಸುತ್ತಿಸಿ ಚಕ್ಕಡಿಯಲ್ಲಿ ತರಿಸಿದರು. ದನ ತಿನ್ನದ, ದೇವರಿಗೆ ಏರದ ಹುಲ್ಲು, ಬರೀ ನೋಡುವುದಕ್ಕೆ. ವಾಡೆಯ ಪಕ್ಕದ ಬಾಗಿಲಿನಿಂದ ಬಾವಿಯವರೆಗೆ ದಾರಿಯ ಎರಡೂ ಬದಿಗೆ ನೆಟ್ಟೆ. ಮಳೆಯಂತೆ ನೀರು ಬೀಳಿಸುವ ಜರಡಿಬಾಯಿಯ ತಗಡಿನ ಝಾರಿ ಬೇಕೇ ಬೇಕೆಂದು ಹಟ ಹಿಡಿದು ಅದನ್ನೂ ತರಿಸಿಕೊಂಡೆ. ಮೋಡ ಕವಿದ ದಿನವೂ ಬಿಡದೆ ಸಂಜೆ ಝಾರಿ ಎತ್ತಿ ಹುಲ್ಲಿನ ತಲೆಯ ಮೇಲೆ ಸುರಿಯುತ್ತಿದ್ದೆ. ಆಗ ನಾನೇ ಒಬ್ಬ ಸಾಹೇಬನೆನಿಸುತ್ತಿತ್ತು.

ಆ ದಾರಿಗೆ ಹತ್ತಿಕೊಂಡೇ ಒಂದು ಸಣ್ಣ ಪಡಸಾಲೆ. ವಾಡೆಯ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂಡುತ್ತಿದ್ದುದು ಅಲ್ಲಿ. ಆ ದಿನಗಳಲ್ಲಿ ಗಿಡ ಮುಟ್ಟಬಾರದು, ಗಿಡದ ಮೇಲೆ ನೆರಳು ಕೂಡ ಬೀಳಬಾರದು. ಅಲ್ಲಿ ಕೂಡುವ ವಯಸ್ಸಿನವಳು ಆಗ ಮನೆಯಲ್ಲಿ ಒಬ್ಬಳೇ, ಧಣಿಗಳ ಸೊಸೆ. ಕಟಕೋಳದ ಹುಡುಗಿ, ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿರಲಿಲ್ಲ. ಎದುರಿಗೆ ಸಣ್ಣವ್ವಾರು ಎನ್ನುತ್ತಿದ್ದೆ. ನನ್ನ ಮಗಳ ವಯಸ್ಸಿನವಳು, ಅದಕ್ಕೆ ಇಲ್ಲಿ ಅವಳು ಎಂದೇ ಹೇಳುತ್ತೇನೆ. ಆ ದೊಡ್ಡ ಮನೆಯಲ್ಲಿ ನನ್ನನ್ನು ಕಾಕಾ ಎಂದು ಕರೆದವಳು ಅವಳೊಬ್ಬಳೇ.

ಶ್ರಾವಣದ ಜಿಟಿಜಿಟಿಯಲ್ಲಿ ಹುಲ್ಲಿಗೆ ಚುಕ್ಕೆ ಬಿತ್ತು. ಎಳ್ಳಿನಷ್ಟು ಕಂದು ಚುಕ್ಕೆ, ಸುತ್ತ ಹಳದಿ ಉಂಗುರ. ಎಂಟು ದಿನದಲ್ಲಿ ಚುಕ್ಕೆಗೆ ಚುಕ್ಕೆ ಕೂಡಿ ಎಲೆ ತುದಿಯಿಂದ ಸಾಯತೊಡಗಿತು. ಬೂದಿ ಉದುರಿಸಿದೆ, ತಂಬಾಕಿನ ನೀರು ಹೊಡೆದೆ, ಬೇವಿನ ಹಿಂಡಿ ನೆನೆಸಿ ಸುರಿದೆ. ಯಾವುದಕ್ಕೂ ಜಗ್ಗಲಿಲ್ಲ. ಕೇಡೆಂದರೆ, ರೋಗ ಎಲ್ಲಕ್ಕಿಂತ ಹೆಚ್ಚಾಗಿದ್ದುದು ಆ ಪಡಸಾಲೆಯ ಮಗ್ಗುಲಿಗೆ.

ಧಣಿಗಳ ಹೆಂಡತಿ ದೊಡ್ಡವ್ವಾರು ಬಂದು ನೋಡಿದರು. "ಹೊರಗ ಕುಂತಾಗ ಇಕಿ ಮುಟ್ಟ್ಯಾಳ. ಇಲ್ಲಾ ನೆಳ್ಳರ ಬಿದ್ದೈತಿ. ಇಕಿ ಹೊಟ್ಟೀನೂ ಬಂಜಿ, ಕೈನೂ ಬಂಜಿ," ಎಂದರು.

"ಮುಟ್ಟಿಲ್ರೀ ಅತ್ತಿ, ನಿಮ್ಮ ಪಾದದ ಆಣಿ," ಎಂದು ಸೊಸೆ ಅತ್ತಳು. ಯಾರು ಕೇಳುತ್ತಾರೆ?

ಎರಡು ದಿನದ ಮೇಲೆ ನನಗೆ ಕಾರಣ ಸಿಕ್ಕಿತು. ಬಾವಿಯ ಹಿಂದೆ, ಝಾರಿ ಮುಟ್ಟದ ಮೂಲೆಯಲ್ಲಿ ಒಂದು ಬುಡವಿತ್ತು. ಕೊಡದಿಂದ ತುಳುಕಿದ ನೀರೇ ಅದರ ಬೇರಿಗೆ ಸಾಕಾಗುತ್ತಿತ್ತು. ಅಲ್ಲಿ ಗಾಳಿ, ಬಿಸಿಲು ಚೆನ್ನಾಗಿ ಆಡುವುದರಿಂದ ಮಳೆ ಬಿದ್ದರೂ ಎಲೆ ಬೇಗ ಆರುತ್ತಿತ್ತು. ಅದರ ಮೇಲೆ ಒಂದೇ ಒಂದು ಚುಕ್ಕೆ ಇರಲಿಲ್ಲ. ಪಡಸಾಲೆಯ ಮಗ್ಗುಲಿಗಾದರೋ ಸೂರಿನ ನೆರಳು, ಗಾಳಿಯ ಸುಳಿವಿಲ್ಲ. ಸಂಜೆ ನಾನು ತೋಯಿಸಿದ ಎಲೆ ಮರುದಿನ ಮಧ್ಯಾಹ್ನವಾದರೂ ಹಸಿಯೇ. ರೋಗ ತಂದವನು ನಾನು, ನನ್ನ ಝಾರಿ.

ಅದೇ ಬೆಳಿಗ್ಗೆ ದಿವಾನಖಾನೆಯಲ್ಲಿ ಧಣಿಗಳು, ದೊಡ್ಡವ್ವಾರು, ಗಂಡನೆನಿಸಿಕೊಂಡ ಆ ಮಹಾರಾಯ ಎಲ್ಲರೂ ಕೂತು, ಸೊಸೆಯನ್ನು ತವರಿಗೆ ಅಟ್ಟುವ ಮಾತು ನಡೆಸಿದ್ದರು. ನನ್ನನ್ನು ಕರೆಸಿದರು.

"ಏ ಮಾಲಿ, ಖರೇ ಹೇಳು. ಇಕಿ ಕುಂದರೋ ಕಡಿಗೇ ಚುಕ್ಕಿ ಜಾಸ್ತಿ ಅದಾವೋ ಇಲ್ಲೋ?" ಎಂದು ದೊಡ್ಡವ್ವಾರು ಕೇಳಿದರು.

"ಅದಾವ್ರೀ," ಎಂದೆ.

ಯಾಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಟ ಮಾಡಿ ತರಿಸಿದ ಝಾರಿಯಿಂದಲೇ ಹುಲ್ಲು ಹಾಳಾಯಿತೆಂದರೆ ನನ್ನನ್ನು ಅಂದೇ ಹೊರಗೆ ಹಾಕುತ್ತಿದ್ದರು. ಮನೆಯಲ್ಲಿ ಉಣ್ಣುವ ಬಾಯಿ ಐದು. ಆ ಹೆದರಿಕೆ ಖರೆಯೇ. ಆದರೂ ಥೂ ನನ್ನ ಬಾಳಿಗೆ! ಮರುದಿನ ಒಂದು ಟ್ರಂಕು ಕೊಟ್ಟು ಅವಳನ್ನು ಚಕ್ಕಡಿ ಹತ್ತಿಸಿದರು. ನಾನು ಬಾವಿಯ ಹಿಂದೆ ನಿಂತಿದ್ದೆ.

ಪಾಪ ಕಳೆಯಲೆಂದೋ ಏನೋ, ಅವತ್ತಿನಿಂದ ಹುಲ್ಲಿನ ಬೆನ್ನು ಹತ್ತಿದೆ. ಚುಕ್ಕೆಯ ಎಲೆಗಳನ್ನೆಲ್ಲ ಕೊಯ್ದು ದೂರ ಒಯ್ದು ಸುಟ್ಟೆ. ಒತ್ತಿಕೊಂಡ ಬುಡಗಳನ್ನು ಕಿತ್ತು ಅಂತರ ಬಿಟ್ಟು ನೆಟ್ಟೆ. ಝಾರಿಯನ್ನು ಅಟ್ಟಕ್ಕೆ ಎಸೆದು, ಬೆಳಗಿನ ಹೊತ್ತು ತಂಬಿಗೆಯಿಂದ ಬೇರಿಗಷ್ಟೇ ನೀರು ಹಾಕಿದೆ. ದಸರೆ ಬರುವುದರೊಳಗೆ ಹುಲ್ಲು ಒಂದು ಕಲೆಯಿಲ್ಲದೆ ಚಿಗುರಿತ್ತು. ಹುಲ್ಲು ಸುಧಾರಿಸಿದರೆ ಸಿಟ್ಟು ಇಳಿಯುತ್ತದೆ, ಅವಳನ್ನು ಕರೆಸುತ್ತಾರೆ ಎಂದುಕೊಂಡಿದ್ದೆ. ಎಂಥ ಹುಚ್ಚ ನಾನು!

"ನೋಡ್ರಿ, ಆಕಿ ಹೊಸ್ತಿಲಾ ದಾಟಿದ್ದ ತಡಾ, ಹೆಂಗ ಚಿಗತೈತಿ!" ಎಂದು ದೊಡ್ಡವ್ವಾರು ಬಂದವರಿಗೆಲ್ಲ ತೋರಿಸತೊಡಗಿದರು. ಮಗನಿಗೆ ಬೇರೆ ಹೆಣ್ಣು ನೋಡಲು ಕಿತ್ತೂರಿನ ಕಡೆ ಜನ ಹೋದರು. ಆಗ ಧಣಿಗಳ ಮುಂದೆ ಹೋಗಿ ಝಾರಿ, ಸಂಜೆಯ ನೀರು, ಬಾವಿಯ ಹಿಂದಿನ ಬುಡ, ಎಲ್ಲವನ್ನೂ ಒದರಿಬಿಟ್ಟೆ. ಅವರು ನಕ್ಕರು.

"ಆಕಿ ಹೆಸರು ಉಳಸಾಕ ತಪ್ಪು ನಿನ್ನ ಮ್ಯಾಲೆ ಹಾಕ್ಕೊಳ್ಳಾಕ ಹತ್ತೀ ಏನು? ಭಾಳ ಛಲೋ ಮನಷ್ಯಾ ಅದಿ," ಎಂದು ನನಗೊಂದು ಹೊಸ ಧೋತರ ಕೊಡಿಸಿದರು. ಅದನ್ನೂ ಇಸಿದುಕೊಂಡೆ.

ಮೂರನೆಯ ದಿನ ಕಟಕೋಳಕ್ಕೆ ನಡೆದುಹೋದೆ. ಅವಳು ತವರಿನ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಕಾಲು ಹಿಡಿಯಲು ಬಗ್ಗಿದೆ, ಹಿಂದೆ ಸರಿದಳು. ಮೊದಲಿನಿಂದ ಕಡೆತನಕ ಹೇಳಿದೆ. ನಾನು ಬಾಯಿ ಮುಚ್ಚಿಕೊಂಡದ್ದು, ಹುಲ್ಲು ಈಗ ಚಿಗುರಿದ್ದು, ಅದನ್ನು ತೋರಿಸಿ ಅವರು ಆಡುವ ಮಾತು, ಯಾವುದನ್ನೂ ಬಿಡಲಿಲ್ಲ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಮೊರ ಕೆಳಗಿಟ್ಟು ಒಂದೇ ಮಾತು ಕೇಳಿದಳು:

"ನಾ ಅಲ್ಲಿಂದ ಬಂದ ಮ್ಯಾಲೂ ಚುಕ್ಕಿ ಹಂಗ ಬೀಳಾಕ ಹತ್ತಿದ್ರ, ತಪ್ಪು ನಂದಲ್ಲ ಅಂತ ಅವರಿಗೆ ತಿಳೀತಿತ್ತಲ್ಲ ಕಾಕಾ. ಆ ಹುಲ್ಲನ್ನ ಯಾಕರ ನೆಟ್ಟಗ ಮಾಡಿದ್ರಿ?"