ಬ್ಯಾಟರಿ ಬಿಚ್ಚಿಟ್ಟ ಮೇಲೂ ಹಾರಿದ ಹೆಲಿಕಾಪ್ಟರ್

ಸಂಪಾದಕರೇ, ಆಟದ ಹೆಲಿಕಾಪ್ಟರ್ ಹಾರಿಸಲು ಕಲಿಯುವವರಿಗೆ ಹಳೆಯದೇ ಸಾಕು ಎಂದು ನಿಮ್ಮ ಪತ್ರಿಕೆಯಲ್ಲಿ ಬುದ್ಧಿ ಹೇಳಿದಿರಲ್ಲ, ನಿಮ್ಮ ತಲೆಯಲ್ಲಿ ಏನು ತುಂಬಿದೆ? ನಿಮ್ಮ ಮಾತು ಕೇಳಿ, ಪಕ್ಕದ ಮನೆಯ ಪದ್ಮಮ್ಮನ ತೀರಿಹೋದ ಯಜಮಾನರ ರಿಮೋಟ್ ಹೆಲಿಕಾಪ್ಟರನ್ನು ಮೊಮ್ಮಗಳಿಗೆಂದು ಈಸಿಕೊಂಡೆ.

ಇವತ್ತು ಮಧ್ಯಾಹ್ನ ತಾರಸಿಯಲ್ಲಿ ಅದರ ಬ್ಯಾಟರಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಧೂಳು ಒರೆಸುತ್ತಿದ್ದೆ. ರೆಕ್ಕೆ ತಾನಾಗಿ ತಿರುಗಿತು. ಹೆಲಿಕಾಪ್ಟರ್ ಮೆಲ್ಲಗೆ ಮೇಲೆದ್ದು ಪಕ್ಕದ ತಾರಸಿಗೆ ಹೋಗಿ, ಹಪ್ಪಳ ಒಣಹಾಕುತ್ತಿದ್ದ ಪದ್ಮಮ್ಮನ ಕಾಲ ಬಳಿ ಇಳಿಯಿತು.

“ಅಜ್ಜೀ, ನಾನು ರಿಮೋಟ್ ಮುಟ್ಟೇ ಇಲ್ಲ!” ಎಂದಳು ಮೊಮ್ಮಗಳು.

ಪದ್ಮಮ್ಮ ಹೆದರಲಿಲ್ಲ. “ಕಾಫಿ ಬೇಕು ಅಂದ್ರೆ ನಮ್ಮ ಯಜಮಾನ್ರು ಇದನ್ನ ಹೀಗೇ ಕಳಿಸ್ತಿದ್ರು ಕಣ್ರೀ” ಎಂದು ಎರಡು ಲೋಟ ಕಾಫಿ ತಂದರು. ಒಂದನ್ನು ತಾವು ಕುಡಿದರು. ಇನ್ನೊಂದನ್ನು ಹೆಲಿಕಾಪ್ಟರಿನ ಪಕ್ಕ ಇಟ್ಟರು. ಯಾರೂ ಮುಟ್ಟದೆ, ನೋಡನೋಡುತ್ತಲೇ ಅದೂ ಖಾಲಿಯಾಯಿತು.

ಹೆಲಿಕಾಪ್ಟರನ್ನು ಪದ್ಮಮ್ಮನಿಗೇ ಬಿಟ್ಟುಕೊಟ್ಟೆ. ಮೊಮ್ಮಗಳು ಅಳುತ್ತಿದ್ದಾಳೆ. ಯಾರ ಕೈಯೂ ತಾಗದ, ಕಲಿಯುವವರಿಗೆ ಸರಿಹೋಗುವ ಹೊಸದು ಯಾವುದೆಂದು ಮುಂದಿನ ತಿಂಗಳೊಳಗೆ ಉತ್ತರ ಬರೆಯಿರಿ.