ಸಾಲಿನ ಕೊನೆ

ಗುಡೇಮಾರನಹಳ್ಳಿಯಲ್ಲಿ ದನ ಮೇಯಿಸುವಾಗ ಊದುತ್ತಿದ್ದ ಕೊಳಲಿನ ದೆಸೆಯಿಂದ ನನ್ನನ್ನು ಮಹಾರಾಜರ ಪಲ್ಟನ್ನಿನ ಬ್ಯಾಂಡಿಗೆ ಸೇರಿಸಿಕೊಂಡು, ಕೈಗೊಂದು ಕ್ಲಾರಿನೆಟ್ ಕೊಟ್ಟರು. ಊದುವುದು ಬೇಗ ಬಂತು. ಕವಾಯತಿನಲ್ಲಿ ನಡೆಯುವುದೇ ಬರಲಿಲ್ಲ. ಮೈದಾನದ ಅಂಚು ಮುಟ್ಟಿದವರು ಹೆಜ್ಜೆ ತಪ್ಪದೆ ತಿರುಗಿ ವಾಪಸು ಬರಬೇಕು. ನಾನೋ, ಅಂಚು ಬಂತೆಂದರೆ ಗಕ್ಕನೆ ನಿಂತುಬಿಡುತ್ತಿದ್ದೆ. ಹಿಂದಿನವನ ಡ್ರಮ್ಮು ಬಂದು ಬೆನ್ನಿಗೆ ಬಡಿಯುತ್ತಿತ್ತು.

ಮೂರನೆಯ ದಿನ ಕವಾಯತು ಮಾಡಿಸುತ್ತಿದ್ದ ಹವಾಲ್ದಾರರು ಹತ್ತಿರ ಬಂದು, "ಅಲ್ಲಿ ಯಾರಿಗೋಸ್ಕರ ಕಾಯ್ತೀಯೋ?" ಎಂದರು.

ಸುಳ್ಳು ಹೇಳೋಣವೆಂದರೆ ಒಂದೂ ಹೊಳೆಯಲಿಲ್ಲ. "ಉಳುವಾಗ ಸಾಲಿನ ಕೊನೇಲಿ ಎತ್ತು ಒಸಿ ಸುದಾರಿಸ್ಕೊಳ್ಳಲಿ ಅಂತ ನಿಲ್ತೀವಿ ಸ್ವಾಮಿ. ಕಾಲಿಗೆ ಅದೇ ರೂಢಿ ಆಗ್ಬುಟ್ಟೈತೆ."

ಇಡೀ ಬ್ಯಾಂಡು ನಕ್ಕಿತು. ಕೆಲಸ ಹೋಯಿತು ಅಂದುಕೊಂಡೆ. ಹವಾಲ್ದಾರರು ಮಾತ್ರ ನಗಲಿಲ್ಲ. ನನ್ನ ಕಾಲನ್ನೇ ನೋಡುತ್ತ, "ಊರಲ್ಲಿ ನೀನು ಉಳೋನು. ಇಲ್ಲಿ ನಾವೆಲ್ಲ ಎತ್ತು ಕಣಪ್ಪ," ಎಂದರು.

ಆಮೇಲೆ ನಾನು ಒಮ್ಮೆಯೂ ನಿಲ್ಲಲಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ ನೇಗಿಲು ಹಿಡಿದೆ. ಸಾಲಿನ ಕೊನೆಯಲ್ಲಿ ಎತ್ತು ನಿಲ್ಲಿಸಿದವನಿಗೆ ಹೊರಡುವ ಮನಸ್ಸೇ ಬರಲಿಲ್ಲ. "ಇನ್ನೂ ಎಷ್ಟೊತ್ಲಾ?" ಎಂದು ಅಪ್ಪ ಬದುವಿನಿಂದ ಕೂಗಿದ.

"ಒಸಿ ಸುದಾರಿಸ್ಕೊಳ್ಳಲಿ ಇರಪ್ಪ," ಅಂದೆ. "ಇವೂ ನಮ್ಮ ಪಲ್ಟನ್ನಿನವೇ."